ಪೇಸ್ಟ್ ಬದಲಿಸಿದರೂ ಇಳಿಯದ ಬಿಸಿ: ಮನೆಯ ಡೆಸ್ಕ್‌ಟಾಪ್ ಒಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಒಂದೇ ಮನೆಯ ಇಬ್ಬರು ಹಂಚಿಕೊಂಡು ಬಳಸುವ ಡೆಸ್ಕ್‌ಟಾಪ್ ಇದು. ಹಗಲು ವೀಡಿಯೊ ಎಡಿಟಿಂಗ್, ರಾತ್ರಿ ಆಟ. ಬಳಸುವವರ ಗುರುತು ಸಿಗುವ ವಿವರಗಳನ್ನು ಬಿಟ್ಟು, ಯಂತ್ರದ ವಿವರಗಳನ್ನು ಮಾತ್ರ ಇದ್ದ ಹಾಗೆ ಕೊಟ್ಟಿದೆ. ಕಲಿಯಬೇಕಾದ್ದು ಹೆಚ್ಚಾಗಿ ಅಂಕಿಗಳಲ್ಲೇ ಇದೆ.

ಪ್ರೊಸೆಸರ್ ರೈಜೆನ್ 5 5600ಎಕ್ಸ್. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ಣ ಹೊರೆ ಬಿದ್ದಾಗ 76 ವ್ಯಾಟ್‌ವರೆಗೆ ಎಳೆಯುತ್ತದೆ. 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅದರ ಮೇಲಿದ್ದದ್ದು ಜೊತೆಗೇ ಬಂದ ಗಿಡ್ಡ ಅಲ್ಯೂಮಿನಿಯಂ ಕೂಲರ್. ಕ್ಯಾಬಿನೆಟ್ ಮಧ್ಯಮ ಗಾತ್ರದ್ದು, ಮುಂದೊಂದು ಹಿಂದೊಂದು 120 ಮಿಲಿಮೀಟರ್ ಫ್ಯಾನ್. 550 ವ್ಯಾಟ್ ಪವರ್ ಸಪ್ಲೈ ತಳದಲ್ಲಿ ಕೂತಿದೆ, ಅದರ ಫ್ಯಾನ್ ಕೆಳಮುಖವಾಗಿದ್ದು ಕ್ಯಾಬಿನೆಟ್ಟಿನ ಅಡಿಯಿಂದ ಗಾಳಿ ಎಳೆಯುತ್ತದೆ. ಇಡೀ ಯಂತ್ರವನ್ನು ಕಂಪ್ಯೂಟರ್ ಮೇಜಿನ ಎಡಬದಿಯ ಗೂಡಿನಲ್ಲಿ ಇಟ್ಟಿದ್ದರು. ಬೆನ್ನಿಗೂ ಹಿಂದಿನ ಹಲಗೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ.

ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ ಮೂರು ವಾರಗಳ ಅಂತರದಲ್ಲಿ ಎರಡು ಬದಲಾವಣೆ ಆದವು. 75 ವ್ಯಾಟ್‌ನ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಹೋಗಿ 170 ವ್ಯಾಟ್‌ನ ಆರ್‌ಟಿಎಕ್ಸ್ 3060 ಬಂತು. ಅದಾದ ಮೇಲೆ ಮೊದಲ ಬಾರಿಗೆ ಫ್ಯಾನುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಮತ್ತೆ ಕೂರಿಸಿದರು.

ತೊಂದರೆ

ದೂರು ಎರಡಿದ್ದವು. ಕೆಲಸ ಶುರುವಾದ ಐದು ನಿಮಿಷದೊಳಗೆ ಫ್ಯಾನುಗಳು ಕಿರುಚತೊಡಗುತ್ತಿದ್ದವು. ಹೊಸ ಕಾರ್ಡ್ ಹಾಕಿದ ವಾರ 14 ನಿಮಿಷಕ್ಕೆ ಮುಗಿಯುತ್ತಿದ್ದ ವೀಡಿಯೊ ಎಕ್ಸ್‌ಪೋರ್ಟ್ ಈಗ 19 ನಿಮಿಷ ಹಿಡಿಯುತ್ತಿತ್ತು. ಎರಡನೆಯದು ಹೆಚ್ಚು ಗಾಬರಿಯದು: ವಾರಕ್ಕೆ ಒಂದೆರಡು ಸಲ, ಆಟದ ನಡುವೆ, ಯಂತ್ರ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ನೀಲಿ ಪರದೆ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. ಆರಿದ ಮೇಲೆ ಕೆಲವು ನಿಮಿಷ ಪವರ್ ಬಟನ್ ಒತ್ತಿದರೂ ಏಳುತ್ತಿರಲಿಲ್ಲ.

ಮನೆಯವರು ಇವೆರಡನ್ನೂ ಒಂದೇ ಕಾಯಿಲೆ ಎಂದುಕೊಂಡರು. ಬಿಸಿಯಾಗುತ್ತಿದೆ, ಅದಕ್ಕೇ ಆರುತ್ತಿದೆ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿರಬೇಕು. ಸಹಜವಾದ ಊಹೆಯೇ. ಆದರೆ ಆ ಊಹೆಯ ಹಿಂದೆ ಒಂದೇ ಒಂದು ಅಳತೆಯೂ ಇರಲಿಲ್ಲ.

ಮೊದಲ ಅಳತೆ

ಕೋಣೆಯ ತಾಪ 27 ಡಿಗ್ರಿ ಇದ್ದಾಗ, ಕ್ಯಾಬಿನೆಟ್ ಮುಚ್ಚಿಟ್ಟು, ಮೇಜಿನ ಗೂಡಿನಲ್ಲಿ ಇದ್ದ ಹಾಗೇ ಮೂರು ಪರೀಕ್ಷೆ ನಡೆಸಲಾಯಿತು. ಪ್ರೊಸೆಸರ್ ಮಾತ್ರ ದುಡಿಯುವಂತೆ ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶವನ್ನು ಸತತವಾಗಿ ಓಡಿಸಿದ್ದು ಒಂದು. ಗ್ರಾಫಿಕ್ಸ್ ಮಾತ್ರ ದುಡಿಯುವಂತೆ ಒಂದು ಆಟದ ಒಂದೇ ದೃಶ್ಯದಲ್ಲಿ ಪಾತ್ರವನ್ನು ಕದಲಿಸದೆ ನಿಲ್ಲಿಸಿದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಓಡಿಸಿದ್ದು ಮೂರನೆಯದು. ಪ್ರತಿ ಪರೀಕ್ಷೆಯೂ 20 ನಿಮಿಷ. ಇದಕ್ಕಿಂತ ಕಡಿಮೆ ಓಡಿಸಿದರೆ ಲೋಹ ಇನ್ನೂ ಕಾಯುತ್ತಲೇ ಇರುತ್ತದೆ, ಅಂಕಿ ಸ್ಥಿರವಾಗುವುದಿಲ್ಲ. ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶ ಎರಡು ಸೆಕೆಂಡಿಗೊಮ್ಮೆ ಎಲ್ಲ ಸೆನ್ಸರುಗಳ ಅಂಕಿಯನ್ನು ಕಡತಕ್ಕೆ ಬರೆಯುವಂತೆ ಹೊಂದಿಸಲಾಗಿತ್ತು.

ಇದರ ಜೊತೆಗೆ ಇನ್ನೊಂದು ಸಾಧನ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಸಾದಾ ಡಿಜಿಟಲ್ ಥರ್ಮಾಮೀಟರ್. ಅದರ ತುದಿಯನ್ನು ಪ್ರೊಸೆಸರ್ ಕೂಲರ್ ಗಾಳಿ ಎಳೆದುಕೊಳ್ಳುವ ಬಾಯಿಯಿಂದ ಎರಡು ಸೆಂಟಿಮೀಟರ್ ದೂರದಲ್ಲಿ, ಯಾವ ಲೋಹಕ್ಕೂ ತಾಗದಂತೆ ತೂಗುಬಿಡಲಾಯಿತು. ಕ್ಯಾಬಿನೆಟ್ಟಿನೊಳಗಿನ ಗಾಳಿ ಎಷ್ಟು ಬಿಸಿ ಎಂದು ಮದರ್‌ಬೋರ್ಡಿನ ಸೆನ್ಸರ್ ನಿಜ ಹೇಳುವುದಿಲ್ಲ, ಅದು ಬೋರ್ಡಿನ ಬಿಸಿಯನ್ನೇ ಹೇಳುತ್ತದೆ. ಇಡೀ ಪ್ರಕರಣದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಪುಟ್ಟ ತಂತಿಯೇ.

ಪ್ರೊಸೆಸರ್ ಒಂದೇ ದುಡಿದಾಗ ಕೂಲರ್ ಬಾಯಿಯ ಗಾಳಿ 34 ಡಿಗ್ರಿ, ಪ್ರೊಸೆಸರ್ 95. ಎರಡೂ ಒಟ್ಟಿಗೆ ದುಡಿದಾಗ ಗಾಳಿ 46ಕ್ಕೇರಿತು. ಪ್ರೊಸೆಸರ್ 95ರಲ್ಲೇ ನಿಂತು 76 ವ್ಯಾಟ್ ಬದಲು 60ಕ್ಕೆ ಇಳಿದುಕೊಂಡಿತ್ತು. ಗ್ರಾಫಿಕ್ಸ್ ಕಾರ್ಡ್ 83ಕ್ಕೆ ಬಂದು ವೇಗ ಕಳೆದುಕೊಳ್ಳುತ್ತಿತ್ತು. ಕಾರ್ಡಿನ ಕೆಳಗೆ ಸಿಕ್ಕಿಕೊಂಡಿರುವ, ಕಡತಗಳನ್ನು ಉಳಿಸಿಡುವ ಎಂ.2 ಎಸ್‌ಎಸ್‌ಡಿ 74.

ಕೋಣೆ 27, ಒಳಗಿನ ಗಾಳಿ 46. ಅಂದರೆ 19 ಡಿಗ್ರಿ ಏರಿಕೆ. ಚೆನ್ನಾಗಿ ಉಸಿರಾಡುವ ಮನೆಬಳಕೆಯ ಕ್ಯಾಬಿನೆಟ್ಟಿನಲ್ಲಿ ಈ ಏರಿಕೆ 7ರಿಂದ 10 ಡಿಗ್ರಿಯೊಳಗೆ ಇರಬೇಕು. ರೋಗದ ಮೂಲ ಈ ಸಾಲಿನಲ್ಲೇ ಬರೆದಿತ್ತು. ಅಂದು ಯಾರೂ ಅದನ್ನು ಓದಲಿಲ್ಲ, ಎಲ್ಲರ ಕಣ್ಣೂ 95ರ ಮೇಲೇ ನೆಟ್ಟಿತ್ತು.

ಪೇಸ್ಟ್, ಆಮೇಲೆ ದೊಡ್ಡ ಕೂಲರ್

ಮೊದಲ ಪ್ರಯತ್ನ ಪೇಸ್ಟಿನದೇ. ಇಲ್ಲಿ ಒಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು, ಅದನ್ನು ಬಿಡಿಸಿ ಹೇಳಬೇಕು. ಎಎಂ4 ಸಾಕೆಟ್ಟಿನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೂರುವ ಈ ಪ್ರೊಸೆಸರಿನಂಥವುಗಳಲ್ಲಿ ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಕಿತ್ತರೆ ಸಾಕೆಟ್ಟಿನ ಹಿಡಿತದ ಲಿವರ್ ಹಾಕಿದ್ದರೂ ಪ್ರೊಸೆಸರ್ ಅದರ ಜೊತೆಗೇ ಕಿತ್ತು ಬರಬಹುದು, ಪಿನ್‌ಗಳು ಬಾಗಬಹುದು. ಸರಿಯಾದ ಕ್ರಮ ಹೀಗೆ: ಯಂತ್ರವನ್ನು ಹತ್ತು ನಿಮಿಷ ಹೊರೆಯಲ್ಲಿ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಬೇಕು, ಆರಿಸಿ ವಿದ್ಯುತ್ ತಂತಿ ತೆಗೆಯಬೇಕು, ಸ್ಕ್ರೂಗಳನ್ನು ಬಿಚ್ಚಿ ಕೂಲರನ್ನು ಎಡಕ್ಕೂ ಬಲಕ್ಕೂ ತುಸು ತುಸು ತಿರುಚಬೇಕು. ಹಿಡಿತ ಸಡಿಲವಾದದ್ದು ಕೈಗೆ ಗೊತ್ತಾದ ಮೇಲೆಯೇ ಎತ್ತಬೇಕು. ಈ ಮನೆಯಲ್ಲಿ ತಣ್ಣಗಿದ್ದಾಗಲೇ ಎಳೆಯಲು ಹೊರಟಿದ್ದರು. ಬಗ್ಗದ್ದರಿಂದ ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು.

ಹಳೆಯ ಪೇಸ್ಟ್ ಅಂಚುಗಳಲ್ಲಿ ಹುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಗಾತ್ರದ ಹೊಸ ಪೇಸ್ಟ್ ಇಟ್ಟು, ನಾಲ್ಕು ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ, ಒಂದೊಂದಕ್ಕೆ ಎರಡೆರಡೇ ಸುತ್ತಿನಂತೆ ಬಿಗಿ ಮಾಡಲಾಯಿತು. ಪೇಸ್ಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅದು ತಾಮ್ರ, ಅಲ್ಯೂಮಿನಿಯಂಗಳಿಗಿಂತ ಎಷ್ಟೋ ಪಾಲು ಕೆಟ್ಟ ಉಷ್ಣವಾಹಕ. ಲೋಹಗಳ ನಡುವಿನ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ಗಾಳಿ ಕೂರುವ ಬದಲು ಪೇಸ್ಟ್ ಕೂತರೆ ಲಾಭ, ಅಷ್ಟೇ ಅದರ ಕೆಲಸ.

ಫಲ: ಪ್ರೊಸೆಸರ್ ಒಂದೇ ದುಡಿಯುವ ಪರೀಕ್ಷೆಯಲ್ಲಿ 95ರಿಂದ 92. ಒಟ್ಟು ಹೊರೆಯಲ್ಲಿ ಮತ್ತೆ 95.

ಎರಡನೆಯದು, ಬಿಸಿಯನ್ನು ರೆಕ್ಕೆಗಳಿಗೆ ಒಯ್ಯುವ ನಾಲ್ಕು ಹೀಟ್‌ಪೈಪ್ ಇರುವ 155 ಮಿಲಿಮೀಟರ್ ಎತ್ತರದ ಟವರ್ ಕೂಲರ್. ಕ್ಯಾಬಿನೆಟ್ಟಿನ ಮಿತಿ 160 ಇದ್ದದ್ದರಿಂದ ಬಾಗಿಲು ಮುಚ್ಚಿತು. ಪ್ರೊಸೆಸರ್ ಪರೀಕ್ಷೆಯಲ್ಲಿ 92 ಇದ್ದದ್ದು 76ಕ್ಕೆ ಬಿತ್ತು, ಮನೆಯಲ್ಲಿ ಸಂಭ್ರಮ. ಆದರೆ ಒಟ್ಟು ಹೊರೆ ಹಾಕಿದಾಗ ಪ್ರೊಸೆಸರ್ 88, ಗ್ರಾಫಿಕ್ಸ್ ಕಾರ್ಡ್ ಅದೇ 83, ಕೂಲರ್ ಬಾಯಿಯ ಗಾಳಿ ಅದೇ 46. ಎಕ್ಸ್‌ಪೋರ್ಟ್ 17 ನಿಮಿಷ. ಆ ವಾರವೂ ಯಂತ್ರ ಎರಡು ಸಲ ಆರಿತು.

ಏಕೆ ಹೀಗಾಯಿತು ಎಂದು ತಿಳಿಯಲು ಬಿಸಿಯ ದಾರಿಯನ್ನು ಎರಡು ಭಾಗ ಮಾಡಿ ನೋಡಬೇಕು. ಚಿಪ್‌ನಿಂದ ಲೋಹದ ರೆಕ್ಕೆಗಳ ಮೂಲಕ ಕ್ಯಾಬಿನೆಟ್ಟಿನೊಳಗಿನ ಗಾಳಿಗೆ ಸೇರುವುದು ಮೊದಲ ಹಂತ. ಆ ಗಾಳಿಯೊಂದಿಗೆ ಕ್ಯಾಬಿನೆಟ್ಟಿನಿಂದ ಹೊರಬೀಳುವುದು ಎರಡನೆಯದು. ಪೇಸ್ಟ್, ಕೂಲರ್ ಎರಡೂ ಮೊದಲ ಹಂತದ ಮದ್ದು. ಹಳೆಯ ಕೂಲರ್ ಒಳಗಾಳಿಗಿಂತ 61 ಡಿಗ್ರಿ ಮೇಲೆ ಇಟ್ಟಿದ್ದ ಪ್ರೊಸೆಸರನ್ನು ಹೊಸದು 42 ಡಿಗ್ರಿ ಮೇಲೆ ಇಟ್ಟಿತು, ತನ್ನ ಕೆಲಸ ಪೂರ್ತಿ ಮಾಡಿತು. ಆದರೆ ಕೂಲರ್ ಎಷ್ಟೇ ದೊಡ್ಡದಾದರೂ ತಾನು ಉಸಿರಾಡುವ ಗಾಳಿಗಿಂತ ತಣ್ಣಗೆ ಚಿಪ್ಪನ್ನು ಇಡಲಾರದು. ಆ ಗಾಳಿಯೇ 46 ಡಿಗ್ರಿ ಇತ್ತು.

ಕಡತದ ಕೊನೆಯ ಸಾಲು

ಪ್ರಕರಣ ತಿರುಗಿದ್ದು ಇನ್ನೊಂದು ಸಲ ಯಂತ್ರ ಆರಿದಾಗ. ಈ ಬಾರಿ ಅಂಕಿಗಳನ್ನು ಬರೆದಿಡುವ ಕಡತ ತೆರೆದೇ ಇತ್ತು. ಅದರ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 86, ಗ್ರಾಫಿಕ್ಸ್ ಕಾರ್ಡ್ 82. ಎರಡೂ ಬಿಸಿಯೇ ಹೌದು, ಆದರೆ ಯಾವುದೂ ಯಂತ್ರವನ್ನೇ ಆರಿಸುವ ಮಟ್ಟದಲ್ಲ. ಚಿಪ್‌ಗಳು ಮಿತಿ ಮುಟ್ಟಿದರೆ ಮೊದಲು ವೇಗ ಇಳಿಸುತ್ತವೆ, ಅದೂ ಸಾಲದಾದಾಗ ಮಾತ್ರ ಆರಿಸುತ್ತವೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಇತ್ತು. ವ್ಯವಸ್ಥೆ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ.

ಆರಿದ ಮೇಲೆ ಕೆಲವು ನಿಮಿಷ ಏಳದಿರುವುದು ಇಲ್ಲಿ ದೊಡ್ಡ ಸುಳಿವು. ಬಿಸಿಯ ಕಾರಣಕ್ಕೆ ಪವರ್ ಸಪ್ಲೈ ತನ್ನನ್ನು ತಾನೇ ರಕ್ಷಿಸಿಕೊಂಡು ನಿಂತಾಗ, ಒಳಗೆ ತಣ್ಣಗಾಗುವವರೆಗೆ ಹೀಗೆಯೇ ಸುಮ್ಮನಿರುತ್ತದೆ. 550 ವ್ಯಾಟ್‌ನ ಸಾಮರ್ಥ್ಯ ಸಾಲದೇ ಎಂದರೆ ಅದೂ ಅಲ್ಲ, ಯಂತ್ರದ ಒಟ್ಟು ಬೇಡಿಕೆ 280 ವ್ಯಾಟ್ ಆಸುಪಾಸು. ಶೇಕಡಾ 85ರಷ್ಟು ದಕ್ಷತೆ ಎಂದುಕೊಂಡರೆ ಗೋಡೆಯಿಂದ ಎಳೆಯುವುದು 330, ನಡುವಿನ 50 ವ್ಯಾಟ್ ಪವರ್ ಸಪ್ಲೈಯೊಳಗೇ ಬಿಸಿಯಾಗಿ ಉಳಿಯುತ್ತದೆ. ಆ 50 ವ್ಯಾಟನ್ನು ಹೊರಹಾಕುವ ಗಾಳಿ ಎಲ್ಲಿಂದ ಬರಬೇಕು? ತಳದಿಂದ.

ಕ್ಯಾಬಿನೆಟ್ ಮಲಗಿಸಿ ನೋಡಿದಾಗ ಅಡಿಯ ಜಾಲರಿ ಕಾಣಲೇ ಇಲ್ಲ. ಅಲ್ಲಿದ್ದದ್ದು ಬೂದು ಬಣ್ಣದ ಕಂಬಳಿ. ಮುಂದಿನ ಜಾಲರಿಯನ್ನು ಒರೆಸಿದ್ದವರಿಗೆ ತಳದಲ್ಲೂ ಒಂದಿದೆ, ಅದು ಹಿಂಬದಿಯಿಂದ ಜಾರಿಸಿ ತೆಗೆಯುವಂಥದ್ದು ಎಂದು ಗೊತ್ತಿರಲಿಲ್ಲ. ಎರಡು ವರ್ಷದ ಧೂಳು, ನೂಲು, ಕೂದಲು ಒತ್ತಿ ಒತ್ತಿ ಒಂದು ತುಂಡಾಗಿ ಸುಲಿದು ಬಂತು. ಜಾಲರಿ ತೊಳೆದು ಪೂರ್ತಿ ಒಣಗಿಸಿ ಮತ್ತೆ ಜಾರಿಸಲಾಯಿತು. ಪವರ್ ಸಪ್ಲೈಯ ಡಬ್ಬವನ್ನು ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರ ವೋಲ್ಟೇಜ್ ಉಳಿದಿರಬಹುದು.

ಇಲ್ಲಿ ಒಂದು ಒಳ್ಳೆಯ ತೀರ್ಮಾನ ಆಯಿತು. ಅದೇ ದಿನ ಇನ್ನೇನನ್ನೂ ಬದಲಿಸದೆ, ಯಂತ್ರವನ್ನು ಅದೇ ಗೂಡಿಗೆ ಮರಳಿಸಿ ಒಂದು ವಾರ ಬಿಟ್ಟರು. ಒಮ್ಮೆಯೂ ಆರಲಿಲ್ಲ. ಚಿಪ್‌ಗಳ ಬಿಸಿ ಮಾತ್ರ ಒಂದು ಡಿಗ್ರಿಯೂ ಇಳಿಯಲಿಲ್ಲ. ಒಂದೇ ಎಂದುಕೊಂಡಿದ್ದ ಕಾಯಿಲೆ ಎರಡು ಎಂಬುದು ಹೀಗೆ ಖಚಿತವಾಯಿತು. ಎಲ್ಲವನ್ನೂ ಒಂದೇ ದಿನ ಬದಲಿಸಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ.

ಕಾಗದದ ಪಟ್ಟಿ

ಉಳಿದದ್ದು ಒಳಗಾಳಿಯ 46 ಡಿಗ್ರಿ. ಪಕ್ಕದ ಬಾಗಿಲು ತೆಗೆದು ಒಟ್ಟು ಹೊರೆಯ ಪರೀಕ್ಷೆ ಮಾಡಿದಾಗ ಕೂಲರ್ ಬಾಯಿಯ ಗಾಳಿ 32ಕ್ಕೆ, ಪ್ರೊಸೆಸರ್ 74ಕ್ಕೆ, ಗ್ರಾಫಿಕ್ಸ್ ಕಾರ್ಡ್ 72ಕ್ಕೆ ಬಂತು. ಬಾಗಿಲು ತೆಗೆದಾಗ ಎರಡು ಮೂರು ಡಿಗ್ರಿ ಇಳಿದರೆ ಅದು ಮಾಮೂಲು. 14 ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ ಎಂದೇ ಅರ್ಥ. ಹಾಗಾದರೆ ಬಾಗಿಲು ತೆಗೆದೇ ಇಟ್ಟುಕೊಳ್ಳೋಣ ಎಂಬ ಮಾತು ಮನೆಯಲ್ಲಿ ಬಂತು. ರೋಗ ಪತ್ತೆಗೆ ಅದು ಒಳ್ಳೆಯ ಉಪಾಯ, ಬಾಳಿಕೆಗೆ ಅಲ್ಲ. ಜಾಲರಿಯಿಲ್ಲದೆ ಧೂಳು ನೇರ ಒಳಗೆ ಬೀಳುತ್ತದೆ, ತಿರುಗುವ ಫ್ಯಾನುಗಳು ಕೈಗೆಟುಕುತ್ತವೆ.

ಮುಂದಿನ ಪ್ಯಾನೆಲ್ ಮುಚ್ಚಿಕೊಂಡಿರುವ ವಿನ್ಯಾಸದ್ದಾದ್ದರಿಂದ ಅನುಮಾನ ಅದರ ಮೇಲೆ ಹೋಯಿತು. ಬಾಗಿಲು ಮುಚ್ಚಿ, ಮುಂದಿನ ಪ್ಯಾನೆಲ್ ಮಾತ್ರ ತೆಗೆದು ಮತ್ತೆ ಪರೀಕ್ಷಿಸಿದರೆ 46 ಇದ್ದದ್ದು 45. ಇದು ಯಾರೂ ನಿರೀಕ್ಷಿಸದ ಉತ್ತರ. ಮುಂದಿನಿಂದ ಗಾಳಿ ಬರಲು ಪ್ಯಾನೆಲ್ ಅಡ್ಡಿಯಾಗಿದ್ದರೆ ಅದನ್ನು ತೆಗೆದಾಗ ದೊಡ್ಡ ವ್ಯತ್ಯಾಸ ಕಾಣಬೇಕಿತ್ತು. ಕಾಣಲಿಲ್ಲ ಎಂದರೆ, ಮುಂದಿನಿಂದ ಗಾಳಿ ಬರಲು ಪ್ರಯತ್ನವೇ ನಡೆಯುತ್ತಿಲ್ಲ.

ಬೆರಳಗಲದ ತೆಳು ಕಾಗದದ ಪಟ್ಟಿಯೊಂದನ್ನು ಮುಂದಿನ ಫ್ಯಾನಿನ ಎದುರು ಹಿಡಿದಾಗ ಅದು ಜಾಲರಿಗೆ ಅಂಟಿಕೊಳ್ಳಬೇಕಿತ್ತು. ಅಂಟಿಕೊಳ್ಳಲಿಲ್ಲ, ಹಿಡಿದವರ ಕಡೆಗೇ ಹಾರಿ ಪಟಪಟ ಬಡಿದುಕೊಂಡಿತು. ಧೂಳು ತೆಗೆದ ದಿನ ಮುಂದಿನ ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದರು. ಸ್ಕ್ರೂ ತೂತುಗಳು ಎರಡು ಬದಿಗೂ ಒಂದೇ ರೀತಿ ಇರುವುದರಿಂದ ತಪ್ಪಾಗಿ ಕೂರಿಸಿದರೂ ಯಾವ ತಡೆಯೂ ಎದುರಾಗುವುದಿಲ್ಲ. ಮುಂದಿನದೂ ಹಿಂದಿನದೂ ಎರಡೂ ಗಾಳಿಯನ್ನು ಹೊರದೂಡುತ್ತಿದ್ದವು. ಒಳಬರುವ ಗಾಳಿಗೆ ಉಳಿದ ದಾರಿ ಎಂದರೆ ಹಿಂಬದಿಯ ಕಾರ್ಡ್ ಸ್ಲಾಟುಗಳ ಸಂದಿ ಮಾತ್ರ. ಆ ಸಂದಿಯ ಹೊರಗೆ ಇದ್ದದ್ದು ಹಿಂದಿನ ಫ್ಯಾನ್ ಆಗತಾನೇ ಉಗುಳಿದ ಬಿಸಿ ಗಾಳಿ.

ಫ್ಯಾನಿನ ದಿಕ್ಕು ಗುರುತಿಸುವುದು ಸುಲಭ. ಮೋಟಾರನ್ನು ಹಿಡಿದ ಮೂರು ನಾಲ್ಕು ಪ್ಲಾಸ್ಟಿಕ್ ತೋಳುಗಳು ಯಾವ ಬದಿಯಲ್ಲಿ ಕಾಣುತ್ತವೋ ಸಾಮಾನ್ಯವಾಗಿ ಗಾಳಿ ಆ ಬದಿಯಿಂದ ಹೊರಡುತ್ತದೆ. ತೆರೆದ ರೆಕ್ಕೆಗಳು ಕಾಣುವ ಬದಿ ಗಾಳಿ ಎಳೆಯುವುದು. ಇದಕ್ಕೆ ಹೊರತಾದ ಫ್ಯಾನುಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಕೂರಿಸಿದ ಮೇಲೆ ಕಾಗದದ ಪಟ್ಟಿ ಹಿಡಿದು ನೋಡುವುದೇ ಖಚಿತ.

ತಿರುಗಿಸಿ ಕೂರಿಸಿದ ಮೇಲೆ ಒಟ್ಟು ಹೊರೆಯಲ್ಲಿ ಗಾಳಿ 38, ಪ್ರೊಸೆಸರ್ 80, ಕಾರ್ಡ್ 77. ನಾಲ್ಕು ಸ್ಕ್ರೂಗಳ ಕೆಲಸ, ಹೊಸದಾಗಿ ಏನನ್ನೂ ಕೊಳ್ಳಲಿಲ್ಲ.

ಗೂಡು, ವೋಲ್ಟೇಜ್, ಫ್ಯಾನಿನ ವೇಗ

ಇನ್ನೂ 11 ಡಿಗ್ರಿ ಏರಿಕೆ ಇತ್ತು. ಮುಂದಿನ ಜಾಲರಿಯ ಎದುರು ಥರ್ಮಾಮೀಟರ್ ಇಟ್ಟಾಗ 31 ತೋರಿಸಿತು. ಕೋಣೆ 27 ಇದ್ದರೂ ಗೂಡಿನೊಳಗಿನ ಗಾಳಿ ಆಗಲೇ ಬೆಚ್ಚಗಾಗಿತ್ತು. ಯಂತ್ರವನ್ನು ಗೂಡಿನಿಂದ ಮೇಜಿನ ಪಕ್ಕಕ್ಕೆ ತಂದು, ಗೋಡೆಯಿಂದ 15 ಸೆಂಟಿಮೀಟರ್ ಬಿಟ್ಟು ಇಟ್ಟಾಗ ಒಳಗಾಳಿ 35, ಪ್ರೊಸೆಸರ್ 77, ಕಾರ್ಡ್ 74.

ಮುಂದೆ ಮತ್ತೊಂದು ಫ್ಯಾನ್ ಹಾಕಬೇಕೇ ಎಂಬ ಪ್ರಶ್ನೆಗೆ ಲೆಕ್ಕ ಹೀಗೆ. 280 ವ್ಯಾಟ್ ಬಿಸಿಯನ್ನು 10 ಡಿಗ್ರಿ ಏರಿಕೆಯೊಳಗೆ ಹೊರಹಾಕಲು ಸೆಕೆಂಡಿಗೆ ಸುಮಾರು 23 ಲೀಟರ್ ಗಾಳಿ ಬೇಕು. ಸಾಧಾರಣ 120 ಮಿಲಿಮೀಟರ್ ಫ್ಯಾನ್ ಬಯಲಿನಲ್ಲಿ ಇದನ್ನು ದಾಟುತ್ತದೆ, ಆದರೆ ಜಾಲರಿ, ಪ್ಯಾನೆಲ್, ತಂತಿಗಳ ನಡುವೆ ಕೂತಾಗ ಬಹಳಷ್ಟು ಕಳೆದುಕೊಳ್ಳುತ್ತದೆ. ಒಂದು ಎಳೆದು ಒಂದು ದೂಡುವ ಈ ಜೋಡಿ ಹೇಗೋ ಸಾಕಾಗುವ ಅಂಚಿನಲ್ಲಿತ್ತು. ಹೆಚ್ಚು ಗಾಳಿ ತರುವುದಕ್ಕಿಂತ ಬಿಸಿಯನ್ನೇ ಕಡಿಮೆ ಹುಟ್ಟಿಸುವುದು ಮೇಲು ಎಂದು ತೀರ್ಮಾನವಾಯಿತು.

ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜ್-ವೇಗದ ರೇಖೆಯನ್ನು ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ 0.850 ವೋಲ್ಟ್‌ಗೆ 1800 ಮೆಗಾಹರ್ಟ್ಸ್ ಎಂದು ಕಟ್ಟಿಹಾಕಲಾಯಿತು. ಮೊದಲು 1850 ಇಟ್ಟಾಗ ಆಟ 40 ನಿಮಿಷಕ್ಕೆ ನಿಂತುಹೋಯಿತು, 1800ಕ್ಕೆ ಇಳಿಸಿದ ಮೇಲೆ ಸ್ಥಿರವಾಯಿತು. ಪ್ರತಿ ಚಿಪ್ ಬೇರೆ, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೊಂದದು. ಒಂದೊಂದೇ ಹೆಜ್ಜೆ ಇಳಿಸಿ, ಪ್ರತಿ ಹೆಜ್ಜೆಯಲ್ಲೂ ಎರಡು ಗಂಟೆ ಆಡಿಸಿ ನೋಡಬೇಕು. ಇಲ್ಲಿ ಕಾರ್ಡಿನ ಬಳಕೆ 170ರಿಂದ 138 ವ್ಯಾಟ್‌ಗೆ ಇಳಿಯಿತು, ಆಟದ ವೇಗದಲ್ಲಿ ಕಳೆದುಕೊಂಡದ್ದು ಶೇಕಡಾ 2. ಒಳಗಾಳಿ 33, ಕಾರ್ಡ್ 67, ಪ್ರೊಸೆಸರ್ 75, ಎಸ್‌ಎಸ್‌ಡಿ 61.

ಸದ್ದಿನ ಕೆಲಸ ಬಾಕಿ ಇತ್ತು. ಈ ಪ್ರೊಸೆಸರಿನ ಚಿಪ್ ಬಹಳ ಚಿಕ್ಕದಾದ್ದರಿಂದ ಪರದೆಯ ಮೇಲೆ ಒಂದು ವಿಂಡೋ ತೆರೆದರೂ ಕ್ಷಣದಲ್ಲಿ 10–15 ಡಿಗ್ರಿ ಜಿಗಿದು ಬೀಳುತ್ತದೆ, ಫ್ಯಾನ್ ಅದರ ಹಿಂದೆಯೇ ಏರಿಳಿಯುತ್ತ ಕಿರಿಕಿರಿ ಮಾಡುತ್ತದೆ. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಯ ವಿಳಂಬವನ್ನು 5 ಸೆಕೆಂಡಿಗೆ ಇಟ್ಟು, 55 ಡಿಗ್ರಿವರೆಗೆ ಶೇಕಡಾ 40, 70ಕ್ಕೆ 60, 85ಕ್ಕೆ 100 ಎಂದು ರೇಖೆ ಎಳೆದಾಗ ಅದು ನಿಂತಿತು. ಮುಂದಿನ ಫ್ಯಾನ್ ಮೂರು ಪಿನ್ನಿನದು. ಅದರ ಕನೆಕ್ಟರ್ ಪಿಡಬ್ಲ್ಯುಎಂ (ನಾಲ್ಕನೆಯ ಪಿನ್ನಿನ ಸಂಕೇತದಿಂದ ವೇಗ ನಿಯಂತ್ರಿಸುವ) ಸ್ಥಿತಿಯಲ್ಲಿದ್ದರಿಂದ ಯಾವಾಗಲೂ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಅದನ್ನು ಡಿಸಿಗೆ, ಅಂದರೆ ವೋಲ್ಟೇಜ್ ಏರಿಳಿಸಿ ವೇಗ ನಿಯಂತ್ರಿಸುವ ಸ್ಥಿತಿಗೆ ಬದಲಿಸಲಾಯಿತು. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಅರ್ಧ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಒಳಗಾಳಿ ತಣ್ಣಗಿದ್ದರೆ ಮಾತ್ರ ಈ ಲಾಭ ಪಡೆಯಲು ಸಾಧ್ಯ.

ಎಲ್ಲಿ ದಾರಿ ತಪ್ಪಿತ್ತು

ಖರ್ಚಾದದ್ದು ಕೂಲರಿಗೆ, ಗುಣವಾದದ್ದು ಹೆಚ್ಚಾಗಿ ಸ್ಕ್ರೂಡ್ರೈವರಿನಿಂದ. ಕೂಲರ್ ವ್ಯರ್ಥವಾಯಿತು ಎನ್ನಲಾಗದು, ಹಳೆಯ ಕೂಲರಿನಲ್ಲಿ ಈಗಲೂ ಪ್ರೊಸೆಸರ್ 90ರ ಮೇಲೆಯೇ ಇರುತ್ತಿತ್ತು. ಆದರೆ ಅದನ್ನು ಕೊಳ್ಳುವ ತೀರ್ಮಾನ ಕೊನೆಗೆ ಆಗಬೇಕಿತ್ತು. ಚಿಪ್ ಮತ್ತು ಒಳಗಾಳಿಯ ನಡುವಿನ ಅಂತರ ಹೆಚ್ಚಿದ್ದರೆ ಪೇಸ್ಟ್, ಕೂಲರ್ ನೋಡಬೇಕು. ಒಳಗಾಳಿ ಮತ್ತು ಕೋಣೆಯ ನಡುವಿನ ಅಂತರ ಹೆಚ್ಚಿದ್ದರೆ ಫ್ಯಾನ್, ಜಾಲರಿ, ಯಂತ್ರ ಇಟ್ಟ ಜಾಗ ನೋಡಬೇಕು. ಮೊದಲ ದಿನದ ಅಂಕಿಗಳಲ್ಲಿ ಎರಡೂ ಅಂತರಗಳು ಇದ್ದವು, ಕಳೆದು ನೋಡಲಿಲ್ಲ.

ಹೊಸ ಕಾರ್ಡಿನ ಮೇಲೆ ಬಿದ್ದ ಅಪವಾದಕ್ಕೂ ಒಂದು ಮಾತು. 95 ವ್ಯಾಟ್ ಹೆಚ್ಚುವರಿ ಹೊರೆ ಅದು ತಂದದ್ದು ನಿಜ, ಮುಚ್ಚಿದ ಗೂಡಿಗೆ ಅದು ಹೆಚ್ಚೇ. ಆದರೆ ಕಾರ್ಡ್ ಬಂದ ಮೇಲೆ ಮೂರು ವಾರ ಯಂತ್ರ ಸರಿಯಾಗಿಯೇ ಓಡಿತ್ತು. ತೊಂದರೆ ಶುರುವಾದ ದಿನಾಂಕವನ್ನು ಧೂಳು ತೆಗೆದ ದಿನಾಂಕದ ಪಕ್ಕ ಇಟ್ಟಿದ್ದರೆ ಅನುಮಾನ ಮೊದಲೇ ಫ್ಯಾನುಗಳ ಮೇಲೆ ಬೀಳುತ್ತಿತ್ತು.

ಮೂರು ತಿಂಗಳ ಮೇಲೆ

ಕೋಣೆ 31 ಡಿಗ್ರಿ ಇದ್ದ ದಿನ ಅದೇ ಒಟ್ಟು ಹೊರೆಯ ಪರೀಕ್ಷೆ ನಡೆಯಿತು. ಒಳಗಾಳಿ 38, ಪ್ರೊಸೆಸರ್ 80, ಕಾರ್ಡ್ 72. ಕೋಣೆ ನಾಲ್ಕು ಡಿಗ್ರಿ ಏರಿದ್ದರಿಂದ ಎಲ್ಲವೂ ಅಷ್ಟು ಏರುವುದು ಸಹಜ. ಉಳಿದ ಒಂದು ಡಿಗ್ರಿ ಮುಂದಿನ ಜಾಲರಿಯ ಮೇಲೆ ಮತ್ತೆ ಕೂತಿದ್ದ ತೆಳು ಧೂಳಿನದು, ಒರೆಸಿದ ಮೇಲೆ ಅದೂ ಹೋಯಿತು. ಎಕ್ಸ್‌ಪೋರ್ಟ್ 14 ನಿಮಿಷಕ್ಕೆ ಮರಳಿದೆ, ಯಂತ್ರ ಒಮ್ಮೆಯೂ ಆರಿಲ್ಲ. ತಳದ ಜಾಲರಿಯನ್ನು ಈಗ ಎರಡು ತಿಂಗಳಿಗೊಮ್ಮೆ ಎಳೆದು ತೊಳೆಯುತ್ತಾರೆ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರುತ್ತಾರೆ, ಸುಮ್ಮನೆ ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಎರಡೂ ಫ್ಯಾನಿನ ಚೌಕಟ್ಟಿನ ಮೇಲೆ ಬಿಳಿ ಶಾಯಿಯಲ್ಲಿ ಗಾಳಿಯ ದಿಕ್ಕಿನ ಬಾಣ ಬರೆದಿದೆ.